ಪರಾತದ ಸೂರ್ಯ

ಗಿಡಕ್ಕೆ ಬೇಕಾದದ್ದು ಬೆಳಕು. ಪ್ರೌಢಶಾಲೆಯ ಮಕ್ಕಳಿಗೆ ಬೆಳಕಿನ ಪಾಠ ಹೇಳುವುದು ನನ್ನ ಉದ್ಯೋಗ. ಅಂದಮೇಲೆ ಒಂದು ಮಲ್ಲಿಗೆ ಗಿಡವನ್ನು ಮನೆಯೊಳಗೇ ಬೆಳೆಸುವುದು ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದರಲ್ಲಿ ತಪ್ಪೇನಿದೆ? ತಪ್ಪಿತ್ತು. ಅದು ಆಮೇಲೆ ಗೊತ್ತಾಯಿತು.

ನನ್ನ ಹೆಂಡತಿ ನೀಲಾ ಹಡಗಲಿಯವಳು. ತವರಿನಲ್ಲಿ ಮಲ್ಲಿಗೆ ಹೊಲವಿತ್ತು. ಸಣ್ಣವಳಿದ್ದಾಗ ಹೊತ್ತು ಹುಟ್ಟುವ ಮೊದಲೇ ಅವ್ವನ ಜೊತೆ ಹೋಗಿ ಮೊಗ್ಗು ಬಿಡಿಸುತ್ತಿದ್ದಳಂತೆ. ಅವ್ವ ಈಗಿಲ್ಲ. ಅಣ್ಣಂದಿರು ಹೊಲವನ್ನು ಸೈಟು ಮಾಡಿ ಮಾರಿದರು. ಗಿಡಗಳನ್ನು ಕೀಳುವ ಮುನ್ನಾದಿನ ಇವಳು ಹೋಗಿ ಕೆಲವು ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಕೂಡಿಸಿಕೊಂಡಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೊಟ್ಟೂರಿಗೆ ತಂದಿದ್ದಳು.

ಕೊಟ್ಟೂರಿನ ನಮ್ಮ ಬಾಡಿಗೆ ಮನೆಗೆ ಬಿಸಿಲು ಬರುವುದಿಲ್ಲ. ಮೂರು ಕಡೆ ಬೇರೆಯವರ ಗೋಡೆ, ಎದುರಿಗೆ ಓಣಿ, ಓಣಿಯ ತುಂಬ ಆಡು. ಬಾಗಿಲ ಮುಂದೆ ನೆಟ್ಟ ಕಡ್ಡಿಗಳೆಲ್ಲ ಚಿಗುರುತ್ತಿದ್ದಂತೆ ಆಡುಗಳ ಹೊಟ್ಟೆ ಸೇರಿದವು. ಉಳಿದ ಒಂದೇ ಒಂದನ್ನು ನೀಲಾ ಮಣ್ಣಿನ ಗಡಿಗೆಯಲ್ಲಿ ನೆಟ್ಟು ಒಳಕೋಣೆಗೆ ತಂದಳು.

"ರೀ, ಇದೊಂದು ಉಳಿಸಿಕೊಡ್ರಿ. ಇದೂ ಹೋತಂದ್ರ ನಮ್ಮವ್ವನ ಹೊಲ ಪೂರಾ ಹೋದಂಗ," ಎಂದಳು.

"ಉಳಿಸೂದೇನು ಬಂತು! ನಿನ್ನ ಕೈಲಿ ಮೊಗ್ಗು ಬಿಡಿಸ್ತೀನಿ ನೋಡ್ತಿರು!" ಎಂದೆ ನಾನು. ದಸರಾ ರಜೆ ಅಂದೇ ಶುರುವಾಗಿತ್ತು. ರಜೆಯಲ್ಲಿ ಮೇಷ್ಟ್ರುಗಳ ಆತ್ಮವಿಶ್ವಾಸಕ್ಕೆ ಮಿತಿ ಇರುವುದಿಲ್ಲ.

ಮದುವೆ ಪೆಂಡಾಲಿಗೆ ಹಾಕುವಂಥ ಹ್ಯಾಲೊಜನ್ ದೀಪವೊಂದನ್ನು ತಂದೆ. ಬೆಳಕು ಅತ್ತಿತ್ತ ಚೆದುರದೆ ಗಿಡದ ಮೇಲೇ ಬೀಳಬೇಕಾದರೆ ಹಿಂದೊಂದು ನಿಮ್ನ ದರ್ಪಣ ಬೇಕು. ಅಡುಗೆಮನೆಯಲ್ಲಿ ನಿಮ್ನ ದರ್ಪಣಕ್ಕೆ ಅತ್ಯಂತ ಸಮೀಪದ ವಸ್ತು ಯಾವುದು? ಹಿಟ್ಟು ನಾದುವ ದೊಡ್ಡ ಸ್ಟೀಲಿನ ಪರಾತ! ನೀಲಾ ಸಂತೆಗೆ ಹೋದ ಸಮಯ ನೋಡಿ, ಅದರ ತಳಕ್ಕೆ ಮೊಳೆ ಹೊಡೆದು ವೈರಿಗೊಂದು ತೂತು ಮಾಡಿದೆ. ತೊಟ್ಟಿಲು ಕಟ್ಟುವ ಕೊಂಡಿಗೆ ಹಗ್ಗ ಹಾಕಿ ಬೋರಲಾಗಿ ತೂಗುಬಿಟ್ಟೆ. ಸ್ವಿಚ್ ಒತ್ತಿದೆ. ಕೋಣೆ ಝಗ್ಗೆಂದಿತು. ಆಹಾ!

ಸಂತೆಯಿಂದ ಬಂದ ನೀಲಾ ಮೊದಲು ನೋಡಿದ್ದು ಬೆಳಕನ್ನಲ್ಲ.

"ರೀ, ಇದು ನಮ್ಮವ್ವ ಮದುವ್ಯಾಗ ಕೊಟ್ಟ ಪರಾತ ಅಲ್ಲೇನ್ರಿ?"

ಹೌದಾಗಿತ್ತು. ತಳದಲ್ಲಿ ಅತ್ತೆಯವರ ಹೆಸರು ಕೆತ್ತಿಸಿದ್ದರು. ನನ್ನ ಮೊಳೆ ಸರಿಯಾಗಿ ಹೆಸರಿನ ನಡುವೆ ಹಾದುಹೋಗಿತ್ತು! ಅವಳು ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಗಿಡದ ಪಕ್ಕ ಕುಳಿತು, "ಹೋಗ್ಲಿ ಬಿಡ್ರಿ, ಗಿಡ ಬಂದ್ರ ಸಾಕು," ಎಂದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಮ್ಮ ಕಡೆ ನವರಾತ್ರಿಯಲ್ಲಿ ಕೆಲವರ ಮನೆಯಲ್ಲಿ ಘಟ ಹಾಕುತ್ತಾರೆ. ಒಳಕೋಣೆಯಲ್ಲಿ ಮಣ್ಣು ಹಾಸಿ, ಕಾಳು ಬಿತ್ತಿ, ನಡುವೆ ಗಡಿಗೆಯಿಟ್ಟು ದೇವಿಯನ್ನು ಕೂಡಿಸುವುದು. ಹಬ್ಬ ಮುಗಿಯುವವರೆಗೆ ದೀಪ ಆರದಂತೆ ಕಾಯುವುದು. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಘಟ ಹಾಕುವ ದಿನವೇ, ಒಳಕೋಣೆಯಲ್ಲಿ, ಮಣ್ಣು ತುಂಬಿದ ಗಡಿಗೆಯಿಟ್ಟು, ಮೇಲೊಂದು ದೀಪ ಉರಿಸಿದ್ದೇನೆಂಬ ಅಂಶ ನನ್ನ ವೈಜ್ಞಾನಿಕ ಬುದ್ಧಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಪಕ್ಕದ ಮನೆಯ ದುರುಗಮ್ಮಕ್ಕನಿಗೆ. ಮೊಸರಿಗೆ ಹೆಪ್ಪು ಕೇಳಲು ಬಂದವರು ಕೋಣೆಯಲ್ಲಿ ಇಣುಕಿದರು. ಚಪ್ಪಲಿ ಅಲ್ಲೇ ಬಿಟ್ಟು ಅಡ್ಡಬಿದ್ದರು.

"ಅಯ್ಯೋ ನಮ್ಮವ್ವಾ! ಘಟ ಹಾಕೀರಿ, ಬಾಜೂಕ ಇದ್ದಾಕಿಗೆ ಒಂದು ಮಾತು ಹೇಳಬಾರದೇನ್ರಿ ಮೇಷ್ಟ್ರೆ?"

"ಅಕ್ಕಾರ, ಇದು ಘಟ ಅಲ್ರಿ. ಮಲ್ಲಿಗಿ ಗಿಡ."

"ಅದಽ ಮತ್ತ! ನೀಲಾನ ತವರಿಂದ ಮಲ್ಲಿಗಿ ಆಗಿ ಬಂದಾಳ ತಾಯಿ!"

ಇದಕ್ಕೆ ಯಾವ ಪಠ್ಯಪುಸ್ತಕದಲ್ಲಿ ಉತ್ತರವಿದೆ? ಸಂಜೆಗೆ ಓಣಿಯ ಹೆಂಗಸರೆಲ್ಲ ಆರತಿ ಹಿಡಿದು ಬಂದರು. ಗಡಿಗೆಗೆ ಅರಿಸಿನ ಬಿತ್ತು, ಕುಂಕುಮ ಬಿತ್ತು, ಹಾಲು ಬಿತ್ತು. ಹಾಡು ಹೇಳಿದರು. ಮಾರುಮಾರು ಮಲ್ಲಿಗೆ ಮಾಲೆ ತಂದು ಮಲ್ಲಿಗೆ ಗಿಡಕ್ಕೇ ಏರಿಸಿದರು! ನೀಲಾ ಒಂದು ಮಾಲೆಯನ್ನು ಮೂಗಿನ ಹತ್ತಿರ ಹಿಡಿದು, ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು. ಮುಡಿಯಲಿಲ್ಲ.

ಎರಡು ದಿನಕ್ಕೆ ಎಲೆಗಳ ಅಂಚು ಕಂದಿತು. ಹ್ಯಾಲೊಜನ್ ಬೆಳಕು ಕೊಡುವುದಕ್ಕಿಂತ ಹೆಚ್ಚಾಗಿ ಬಿಸಿ ಕೊಡುತ್ತದೆ ಎಂಬುದು ಹತ್ತನೇ ತರಗತಿಯಲ್ಲಿ ನಾನೇ ಬರೆಸುವ ಟಿಪ್ಪಣಿ. ಪರಾತವೂ ಕಾದು ಹಂಚಾಗಿತ್ತು. ರೊಟ್ಟಿ ತಟ್ಟಿ ಹಾಕಿದ್ದರೆ ಬೇಯುತ್ತಿತ್ತು! ಗಾಬರಿಯಾಗಿ ಸ್ವಿಚ್ಚಿಗೆ ಕೈ ಹಾಕಿದೆ.

"ಮೇಷ್ಟ್ರೆ!" ದುರುಗಮ್ಮಕ್ಕ ಹೊಸ್ತಿಲಲ್ಲೇ ಕೂಗಿದರು. "ಘಟದ ದೀಪ ಶಾಂತ ಮಾಡ್ತೀರೇನ್ರಿ? ಮನಿಗೆ ಒಳ್ಳೇದಾಕ್ಕತೇನು?"

"ಅಕ್ಕಾರ, ಇದು ದೀಪ ಅಲ್ರಿ, ಬಲ್ಬು."

"ಉರಿಯಾಕ ಹತ್ತೈತಿಲ್ಲೋ? ಮತ್ತ ದೀಪ ಅಲ್ದ ಏನದು?"

ನೀಲಾಳ ಮುಖ ನೋಡಿದೆ. ಆರತಿ ಎತ್ತಿದ ಮೇಲೆ ಆರಿಸುವ ಧೈರ್ಯ ಅವಳಿಗೂ ಇರಲಿಲ್ಲ. ನನಗಂತೂ ಮೊದಲಿನಿಂದ ಇಲ್ಲ. ಕೊನೆಗೆ ಭಗವಂತನೇ ಕರುಣೆ ತೋರಿ ಕರೆಂಟು ತೆಗೆದ. ಗಿಡಕ್ಕಿಂತ ಮೊದಲು ನಾನೇ ಉಸಿರು ಬಿಟ್ಟೆ. ಅಷ್ಟರಲ್ಲಿ ದುರುಗಮ್ಮಕ್ಕ ತಮ್ಮ ಮನೆಯ ಯುಪಿಎಸ್ಸಿನಿಂದ ವೈರು ಎಳೆದು ತಂದರು!

ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಹಾಡುತ್ತಿದ್ದಾಗಲೇ ನೀಲಾ ಎದ್ದಳು. ಸೀದಾ ಹೋಗಿ ವೈರು ಕಿತ್ತಳು. ಹಾಡು ನಿಂತಿತು.

"ತಾಯಿ ಅದಾಳ ಅಂತೀರಲ್ಲ ಅಕ್ಕಾ. ತಾಯಿ ಆದಾಕಿ ಮಗಳ ಗಿಡ ಸುಡು ಅಂತಾಳೇನು?"

ದುರುಗಮ್ಮಕ್ಕ ಸೆರಗಿನಿಂದ ಗಡಿಗೆಗೆ ಗಾಳಿ ಹಾಕತೊಡಗಿದರು. ನೀಲಾ ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದು ನೋಡಿದಳು. ಜೀವವಿದ್ದರೆ ಒಳಗೆ ಹಸಿರಿರುತ್ತದೆ. ಇರಲಿಲ್ಲ. ಇನ್ನಷ್ಟು ಕೆಳಗೆ ಕೆರೆದಳು. ಬುಡದವರೆಗೂ ಕೆರೆದಳು. ಆಮೇಲೆ ಕೈ ಒರೆಸಿಕೊಂಡು ಬಂದವರಿಗೆಲ್ಲ ಚಹಾ ಇಡಲು ಹೋದಳು.

ಹಬ್ಬ ಮುಗಿದ ಮೇಲೆ ಹಡಗಲಿಗೆ ಹೋದೆವು. ಬೇಲಿಯಲ್ಲೋ ಬಾವಿಯ ದಂಡೆಯಲ್ಲೋ ಒಂದಾದರೂ ಕಡ್ಡಿ ಉಳಿದಿದ್ದೀತು ಎಂಬ ಆಸೆ. ಬೇಲಿಯೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಸೈಟಿನ ಕಲ್ಲುಗಳು ಸಾಲಾಗಿ ನಿಂತಿದ್ದವು. ನೀಲಾ ಒಂದು ಕಡೆ ನಿಂತು, "ಇಲ್ಲೇ ನಮ್ಮವ್ವ ಬುಟ್ಟಿ ಇಡ್ತಿದ್ಲು," ಎಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಎಷ್ಟು ಬಿಸಲು ಸುಮ್ನ ಬೀಳಾಕತ್ತೈತಿ ನೋಡ್ರಿ," ಎಂದಳು.

ನಾನು ಅವಳ ತಲೆಯ ಮೇಲೆ ಕೊಡೆ ಬಿಚ್ಚಿ ಹಿಡಿದೆ. ಬಯಲು ಗಾಳಿ ಒಮ್ಮೆ ಬೀಸಿತು ನೋಡಿ, ಕೊಡೆ ಉಲ್ಟಾ ತಿರುಗಿ ಕಡ್ಡಿಗಳೆಲ್ಲ ಮುರಿದವು! ನೀಲಾ ಅಳುತ್ತಿದ್ದವಳು ನಕ್ಕೇಬಿಟ್ಟಳು. ಮುರಿದ ಕೊಡೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, "ಬರ್ರಿ, ಬಸ್ಸು ಹೊಕ್ಕತಿ," ಎಂದು ಮುಂದೆ ನಡೆದಳು. ನಾನು ಕೈ ಹಿಡಿದದ್ದರಲ್ಲಿ ಇನ್ನೂ ಹಾಳಾಗದೆ ಉಳಿದಿರುವುದು ಅವಳೊಬ್ಬಳೇ. ಅದರಲ್ಲಿ ನನ್ನ ಪಾತ್ರವೇನೂ ಇಲ್ಲ!