ರೇಡಿಯೋ ತೆಪ್ಪಗಿದ್ದ ದಿನ

"ಸಂಜೆ ಐದಕ್ಕೆ ಬಸ್ಸಿಳಿತೀನಿ. ನಿಮ್ಮ ಬೈಕು ಇವತ್ತೂ ನಡುರಸ್ತೇಲಿ ಕೈಕೊಟ್ರೆ, ಅದೇ ಬಸ್ಸು ಹತ್ತಿ ಅಮ್ಮನ ಮನೆಗೆ ವಾಪಸ್!" ಎಂದು ಹೆಂಡತಿ ಫೋನಿಟ್ಟಳು. ಹಿಂದಿನ ವಾರ ಚೈನು ಕಳಚಿ, ರೇಷ್ಮೆ ಸೀರೆ ಉಟ್ಟುಕೊಂಡೇ ಬೈಕು ತಳ್ಳಿದವಳು ಅವಳು. ಹೇಳಿದರೆ ಹೇಳಿದ ಹಾಗೆ ಮಾಡುವವಳು.

ಗಂಡ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಒಂದು ಕೊಂಬು, ಒಂದು ಒತ್ತು ತಪ್ಪಿದರೂ ಹಿಡಿಯುವ ಕಣ್ಣು. ಇಷ್ಟು ಗೊತ್ತಿದ್ದವನಿಗೆ ಚೈನು ಯಾವ ಲೆಕ್ಕ ಎಂದು ರಜೆ ಹಾಕಿ, ಹೊಸ ಚೈನು, ಅದು ಸುತ್ತಿಕೊಳ್ಳುವ ಎರಡು ಸ್ಪ್ರಾಕೆಟ್ಟು ಹಿಡಿದುಕೊಂಡು ಮೆಟ್ಟಿಲ ಕೆಳಗೆ ಬಂದ. ಆಗಷ್ಟೇ ತೊಳೆದ ನೆಲ. ಎಡಗಡೆ ನಿಂತಿದ್ದ ಕಪ್ಪು ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಸ್ಪ್ರಾಕೆಟ್ಟಿನ ಹಲ್ಲು ಮುದುಕನ ಬಾಯಿಯ ಹಾಗೆ ಸವೆದಿತ್ತು.

ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟು ತಿರುಗಿಸಿದರೆ ಚಕ್ರವೂ ಜೊತೆಗೇ ತಿರುಗುತ್ತಿತ್ತು. ಅಷ್ಟರಲ್ಲಿ ಮೇಲ್ಮನೆಯವನು ಇಳಿದು ಬಂದ. ನಿಲ್ಲಿಸದೆ ಮಾತಾಡುವ ಅವನಿಗೆ ಬೀದಿಯವರೆಲ್ಲ ಇಟ್ಟ ಹೆಸರು ರೇಡಿಯೋ.

"ಅಲ್ಲಾ ಸಾರ್, ಈ ಬೈಕು..."

"ನಿಮ್ಮ ದಮ್ಮಯ್ಯ, ಇವತ್ತು ಒಂದು ಮಾತೂ ಬೇಡ! ಐದಕ್ಕೆ ಬಸ್‌ಸ್ಟಾಂಡಿಂದ ಇವಳನ್ನ ಕರ್ಕೊಂಡು ಬರ್ಬೇಕು. ಬಾಯಿ ಮುಚ್ಕೊಂಡು ಹಿಂದಿನ ಬ್ರೇಕ್ ಒತ್ಕೊಳ್ಳಿ, ಅಷ್ಟು ಉಪಕಾರ ಸಾಕು."

ರೇಡಿಯೋ ಬ್ರೇಕ್ ಒತ್ತಿದ. ಬೋಲ್ಟು ಬಿಟ್ಟಿತು, ಇವನ ಬೆರಳಿನ ಚರ್ಮವೂ ಬಿಟ್ಟಿತು.

"ಒಂದೇ ಮಾತು ಸಾರ್..."

"ಶ್‌!"

ಹಿಂದಿನ ಚಕ್ರ ಬಿಚ್ಚುವ ಹೊತ್ತಿಗೆ ಅರ್ಧ ಬೀದಿ ಸೇರಿತ್ತು. ಚೈನು ಉದ್ದವಾಯಿತು ಅಂದರು ಒಬ್ಬರು, ಉಲ್ಟಾ ಅಂದರು ಇನ್ನೊಬ್ಬರು. ಕೊನೆಗೆ ಚೈನಿನ ತುದಿ ಕೂಡಿಸುವ ಪುಟ್ಟ ಲಾಕು ಟಣ್ಣೆಂದು ಹಾರಿ ಮಾಯವಾಯಿತು. ಎದುರುಮನೆಯ ಟೈಲರಕ್ಕ ಗುಂಡುಪಿನ್ನು ಹೆಕ್ಕುವ ಅಯಸ್ಕಾಂತ ತಂದು, ನೆಲವನ್ನೆಲ್ಲ ಸವರಿ, ರೇಡಿಯೋನ ಚಪ್ಪಲಿಯಡಿಯಿಂದ ಅದನ್ನು ಹೊರಗೆಳೆದಳು. "ಕಾಲಡೀಲಿ ಇಟ್ಕೊಂಡು ಸುಮ್ನೆ ನಿಂತಿದೀಯಲ್ಲೋ ಮಾರಾಯ!" ರೇಡಿಯೋ ಇವನತ್ತ ಬೆರಳು ತೋರಿಸಿ, ಅದೇ ಬೆರಳನ್ನು ತನ್ನ ತುಟಿಯ ಮೇಲಿಟ್ಟುಕೊಂಡ.

ನಾಲ್ಕೂವರೆಗೆ ಕೆಲಸ ಮುಗಿಯಿತು. ಇವನು ಮೈಕೈಯೆಲ್ಲ ಗ್ರೀಸು ಮಾಡಿಕೊಂಡು, ಯುದ್ಧ ಗೆದ್ದವನಂತೆ ಕೀಲಿ ತೂರಿಸಿದ. ಕೀಲಿ ತಿರುಗಲಿಲ್ಲ. ಮತ್ತೆ ತಿರುಗಿಸಿದ, ಬೈದು ತಿರುಗಿಸಿದ.

ರೇಡಿಯೋ ಮೆಲ್ಲಗೆ ತನ್ನ ಜೇಬಿನಿಂದ ಕೀಲಿ ತೆಗೆದು ಹಾಕಿದ. ಬೈಕು ಗುರ್ರೆಂದಿತು.

"ಇಬ್ರೂ ಒಂದೇ ದಿನ ಒಂದೇ ಥರದ್ದು ತಗೊಂಡ್ವಲ್ಲ ಸಾರ್. ಬೆಳಿಗ್ಗೆ ನೆಲ ತೊಳೆಯೋವಾಗ ಅದಲುಬದಲು ನಿಲ್ಸಿದಾರೆ. ನಿಮ್ದು ಬಲಗಡೆ ಇದೆ."

"ಮೊದಲೇ ಬೊಗಳೋಕೆ ಏನಾಗಿತ್ತು?"

"ಎರಡು ಸಲ ಬಾಯಿಬಿಟ್ಟೆ. ಹೋಗ್ಲಿ ಬಿಡಿ, ಬಸ್ಸಿನ ಹೊತ್ತಾಯ್ತು, ನಿಮ್ಮ ಮೈಯೆಲ್ಲ ಗ್ರೀಸು. ಅತ್ತಿಗೇನ ನಾನೇ ಕರ್ಕೊಂಡು ಬರ್ತೀನಿ."

ಬೇರೆ ದಾರಿಯಿರಲಿಲ್ಲ. ಹಳೆಯ ಚೈನನ್ನು ಸತ್ತ ಹಾವಿನಂತೆ ಕೈಯಲ್ಲಿ ಹಿಡಿದು ಇವನು ಗೇಟಿಗೂ ಮೆಟ್ಟಿಲಿಗೂ ಶತಪಥ ಹಾಕಿದ.

ಐದೂಕಾಲಿಗೆ ಬೈಕು ಸದ್ದಿಲ್ಲದೆ ಬಂದು ನಿಂತಿತು. ಹೆಂಡತಿ ನಗುನಗುತ್ತ ಇಳಿದಳು, ಗಂಡನ ಗ್ರೀಸಿನ ಅವತಾರ ಕಂಡದ್ದೇ ನಗು ಹೋಯಿತು.

"ನೋಡ್ರೀ, ಬೆಣ್ಣೆಯಿಂದ ಕೂದಲೆಳೆದ ಹಾಗೆ ಬಂತು ಇವರ ಗಾಡಿ! ಚೈನು ಫಳಫಳ ಅಂತಿದೆ. ನಿಮ್ಮದರ ಜೊತೇಲೇ ತಗೊಂಡಿದ್ದಲ್ವಾ ಇದು? ಇವರನ್ನ ನೋಡಿ ಸ್ವಲ್ಪ ಕಲೀಬಾರ್ದಾ?"

ಇವನು ಆಸೆಗಣ್ಣಿನಿಂದ ರೇಡಿಯೋನ ಮುಖ ನೋಡಿದ.

ರೇಡಿಯೋ ತುಟಿಪಿಟಕ್ಕೆನ್ನಲಿಲ್ಲ.