ವೈಜಾಪುರದಲ್ಲಿ ನಿಂತುಬಿಟ್ಟ ನಾಯಕ

ನಮ್ಮ ಸೋದರತ್ತೆ ಈವರೆಗೆ ಹನ್ನೊಂದು ಜನರನ್ನು ಕೊಂದಿದ್ದಾಳೆ. ಅವರಲ್ಲಿ ಏಳು ಮಂದಿಯನ್ನು ಮನಸ್ಸು ತಡೆಯದೆ ಮತ್ತೆ ಬದುಕಿಸಿದ್ದಾಳೆ. ಉಳಿದ ನಾಲ್ವರು ಈಗಲೂ ಸತ್ತೇ ಇದ್ದಾರೆ. ಅವರಲ್ಲೊಬ್ಬಳು ನಾಸಿಕದಲ್ಲಿ ಅತ್ತೆಯ ಪಕ್ಕದ ಮನೆಯವಳು. ನಲ್ಲಿ ನೀರಿಗೆ ಜಗಳವಾಡಿದ ತಪ್ಪಿಗೆ ಮೂರನೆಯ ಅಧ್ಯಾಯದಲ್ಲಿ ಹಾವು ಕಚ್ಚಿ ಹೋದಳು! ಗಾಬರಿಯಾಗಬೇಡಿ. ಅತ್ತೆ ಕಾದಂಬರಿ ಬರೆಯುತ್ತಾಳೆ. ಒಂದೇ ಕಾದಂಬರಿ. ನಾಲ್ಕು ವರ್ಷದಿಂದ.

ಕಥೆ ದೊಡ್ಡದೇನಲ್ಲ. ಪ್ರೀತಿಸಿದ ಹುಡುಗ ಕೈತಪ್ಪಿ ಹೋಗುತ್ತಾನೆ, ಮನೆ ಒಡೆಯುತ್ತದೆ, ಕೊನೆಗೆ ಎಲ್ಲರೂ ಒಂದಾಗುತ್ತಾರೆ. ಒಡೆಯುವ ಭಾಗವನ್ನು ಅತ್ತೆ ಒಂದೇ ತಿಂಗಳಲ್ಲಿ ಬರೆದು ಬಿಸಾಕಿದಳು. ಒಂದಾಗುವ ಭಾಗ ಮಾತ್ರ ಬರಲೊಲ್ಲದು. ಬರೆಯುತ್ತಾಳೆ, ಹರಿಯುತ್ತಾಳೆ, ಎದ್ದು ತಿರುಗಾಡುತ್ತಾಳೆ. ಅರವತ್ತೆರಡರ ಹೆಂಗಸು ಅಡುಗೆಮನೆಯ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟು ನಿಂತೇ ಬರೆಯುತ್ತಾಳೆಂದರೆ ನಂಬುತ್ತೀರಾ? ಸಾರಿಗೆ ಎರಡು ಸಲ ಉಪ್ಪು ಬಿದ್ದಿದೆ ಎಂದರೆ ಆ ದಿನ ನಾಯಕಿಗೆ ಕಷ್ಟ ಬಂದಿದೆ ಎಂದೇ ಅರ್ಥ. ಮಾವ ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾದವರು, ಶಾಂತ ಮನುಷ್ಯ. ಒಮ್ಮೆ ಕೇಳಿಯೇಬಿಟ್ಟರು.

"ಕಾದಂಬರಿಯೊಳಗ ನಾಯಕ ನಾನೇನು?"

"ಅಲ್ಲ."

"ಛಲೋ ಆತು ಬಿಡು. ಅಷ್ಟು ಓಡಾಡೋದು ನನ್ನ ಮೊಣಕಾಲಿಗೆ ಆಗಂಗಿಲ್ಲ."

ಈ ಕಾದಂಬರಿಯನ್ನು ಟೈಪು ಮಾಡುವ ಕರ್ಮ ನನ್ನ ಪಾಲಿಗೆ ಬಂದಿತ್ತು. ನಾನಿರುವುದು ಸಂಭಾಜಿನಗರದಲ್ಲಿ, ಚಿಕಲಠಾಣಾದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ನನಗೆ ನಲವತ್ತೆರಡಾದರೂ ಅತ್ತೆಗೆ ನಾನಿನ್ನೂ "ಏ ಹುಡುಗಿ". ಒಂದು ಸೋಮವಾರ ಆಫೀಸಿಗೇ ಫೋನು ಬಂತು.

"ಏ ಹುಡುಗಿ, ಹ್ವಾದಳವ್ವ ಆಕಿ! ಇವತ್ತು ಮುಂಜಾನೆ, ಎಂಟೂವರಿಗೆ!"

ಯಾರು ಎಂದು ಕೇಳಬೇಕೆ? ನಾಯಕಿ. ಎಂಟು ತಿಂಗಳು ಅವಳ ಸುಖದುಃಖವನ್ನು ಟೈಪು ಮಾಡಿದ್ದ ನನಗೆ ಕಣ್ಣು ತುಂಬಿಬಿಟ್ಟಿತು. ಮ್ಯಾನೇಜರು ನೋಡಿದರು, ಮರಾಠಿಯಲ್ಲಿ ಸಮಾಧಾನ ಹೇಳಿ ಅರ್ಧ ದಿನದ ರಜೆ ಕೊಟ್ಟು ಮನೆಗೆ ಕಳಿಸಿದರು. ಗುರುವಾರ ಅತ್ತೆ ಅವಳನ್ನು ಬದುಕಿಸಿದಳು. ರಜೆ ವಾಪಸು ಕೊಡುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ!

ನಾಯಕಿಗೆ ಒಂದು ಪೈಠಣಿ ಸೀರೆ ಉಡಿಸಬೇಕೆಂದು ಅತ್ತೆ ಯೇವಲಾದಲ್ಲಿ ಬಸ್ಸಿಳಿದು ಒಬ್ಬ ನೇಕಾರನ ಮನೆಗೇ ನುಗ್ಗಿದ್ದಳು. ಸೆರಗಿಗೆ ನವಿಲು ಬೇಕೋ ಗಿಳಿ ಬೇಕೋ ಎಂದು ಆತ ಕೇಳಿದ. ಅದನ್ನು ತೀರ್ಮಾನಿಸಬೇಕಾದರೆ ನಾಯಕಿಯ ಮನಸ್ಸು ತಿಳಿಯಬೇಕಲ್ಲ? ಅತ್ತೆ ತನ್ನ ಹರಕುಮುರುಕು ಮರಾಠಿಯಲ್ಲಿ ಮೊದಲಿನಿಂದ ಕಥೆ ಹೇಳಿದಳು. ಆತನ ಕೈ ಮಗ್ಗದ ಮೇಲೆ ನಿಂತಿತು, ಹೆಂಡತಿ ಒಳಗಿನಿಂದ ಬಂದು ಕೂತಳು. ಕೊನೆಗೆ ನೇಕಾರ ಕೇಳಿದ, "ಮಗ್ ತೋ ಆಲಾ ಕಾ?" ಆಮೇಲೆ ಅವನು ಬಂದನೇ? ಅತ್ತೆಗೆ ಉತ್ತರ ಗೊತ್ತಿರಲಿಲ್ಲ. ಸೀರೆಯನ್ನೂ ಕೊಳ್ಳದೆ, ಕೊಟ್ಟ ಚಹಾವನ್ನೂ ಕುಡಿಯದೆ ಎದ್ದು ಬಂದಳು.

ನಾಯಕ ಬರುವುದಾದರೂ ಹೇಗೆ? ಕಥೆಯಲ್ಲಿ ಅವನನ್ನು ಈಕೆ ನಾಸಿಕದಿಂದ ಬರುವ ದಾರಿಯ ವೈಜಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಎಂಟು ತಿಂಗಳಾಗಿತ್ತು.

"ಅತ್ತಿ, ಪಾಪ, ಅವನ್ನ ಬಸ್ ಹತ್ತಸ್ರಿ. ಕಾಲು ಬಾತಾವು."

"ಹತ್ತಸ್ತಿದ್ದೆ ಹುಡುಗಿ. ಯಾವೂರ ಬಸ್ ಅಂತ ನನಗೂ ತಿಳೀವಲ್ದು."

ಬರೆದ ನೋಟ್‌ಬುಕ್ಕುಗಳನ್ನು ಅಂಚೆಗೆ ಹಾಕಲು ಅತ್ತೆಗೆ ನಂಬಿಕೆಯಿಲ್ಲ. ತಾನೇ ನಾಸಿಕದಿಂದ ನಾಲ್ಕೂವರೆ ತಾಸು ಎಸ್‌ಟಿ ಬಸ್ಸಿನಲ್ಲಿ ಬರುತ್ತಾಳೆ. ಬಸ್ಸಿನಲ್ಲೂ ಕೂರುವುದಿಲ್ಲ. ಕಿಟಕಿಯಿಂದ ಕಿಟಕಿಗೆ ಓಡಾಡುತ್ತಾಳೆ, ಕಂಡಕ್ಟರು "ಮಾವಶಿ, ಬಸಾ ನಾ!", ಕೂತುಕೊಳ್ಳಿ ಎಂದು ಕೈ ಮುಗಿಯುತ್ತಾನೆ. ಸಂಭಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಹೊಸ ನೋಟ್‌ಬುಕ್ ನನ್ನ ಕೈಗಿಟ್ಟು, ಹಳೆಯದನ್ನು ಚೀಲಕ್ಕೆ ತುರುಕಿ, ಹತ್ತೇ ನಿಮಿಷದಲ್ಲಿ ಮರಳಿ ನಾಸಿಕದ ಬಸ್ಸು ಹತ್ತುತ್ತಾಳೆ. ಒಂಬತ್ತು ತಾಸು ಪ್ರಯಾಣ, ಹತ್ತು ನಿಮಿಷ ಭೇಟಿ!

ಮನೆಗೆ ಏಕೆ ಬರುವುದಿಲ್ಲ ಎಂದು ನೀವು ಕೇಳಬಹುದು. ಮನೆಯಲ್ಲಿ ಅಪ್ಪ ಇದ್ದರು. ಅಪ್ಪ ಎಂದರೆ ಅತ್ತೆಯ ಒಬ್ಬನೇ ಅಣ್ಣ, ಭಾಲ್ಕಿಯಲ್ಲಿ ಕನ್ನಡ ಮಾಸ್ತರಾಗಿದ್ದವರು, ಅವ್ವ ತೀರಿದ ಮೇಲೆ ನನ್ನ ಜೊತೆಗಿರುವವರು. ಅಣ್ಣ ತಂಗಿ ಮಾತು ಬಿಟ್ಟು ಮೂವತ್ತೇಳು ವರ್ಷ. ಅತ್ತೆ ಯಾರನ್ನೋ ಮೆಚ್ಚಿದ್ದಳು, ಅಪ್ಪ ಒಪ್ಪಲಿಲ್ಲ, ಹುಡುಗ ಒಂದು ಮಾತೂ ಹೇಳದೆ ಊರು ಬಿಟ್ಟ. "ಓಡಿ ಹ್ವಾದ ನೋಡು ನಿನ್ನ ಹುಡುಗ" ಎಂದು ಅಪ್ಪ ಹಂಗಿಸಿ ಅವಳ ಲಗ್ನವನ್ನು ನಾಸಿಕಕ್ಕೆ ಮಾಡಿಕೊಟ್ಟರು. ಆ ಚುಚ್ಚುಮಾತಿಗೆ ಅತ್ತೆ ಅಣ್ಣನನ್ನು ಬಿಟ್ಟಳು. ಮನೆಯಲ್ಲಿ ನಮಗೆ ಗೊತ್ತಿದ್ದದ್ದು ಇಷ್ಟೇ.

ಹೋದ ಚೈತ್ರದಲ್ಲಿ ಒಂದು ಶನಿವಾರ, ಹದಿನಾಲ್ಕನೆಯ ನೋಟ್‌ಬುಕ್ಕನ್ನು ಟೈಪು ಮಾಡಿ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ಅತ್ತೆಗೆ ಮರಳಿ ಕೊಟ್ಟು ಬಂದೆ. ಮಧ್ಯಾಹ್ನ ಮೂರರ ಸುಮಾರಿಗೆ ಮನೆಯ ಬಾಗಿಲು ಬಡಿದ ಸದ್ದು ಕೇಳಿ ತೆರೆದರೆ ಎದುರಿಗೆ ಅತ್ತೆ! ವೈಜಾಪುರದವರೆಗೆ ಹೋದವಳು ಅಲ್ಲೇ ಇಳಿದು, ಎದುರಿನ ಬಸ್ಸು ಹಿಡಿದು ತಿರುಗಿ ಬಂದಿದ್ದಳು. ಚಪ್ಪಲಿಯನ್ನೂ ಬಿಡದೆ ನೇರ ಅಪ್ಪನ ಮುಂದೆ ಹೋಗಿ ನಿಂತಳು.

"ನನ್ನ ನೋಟ್‌ಬುಕ್ಕಿನ್ಯಾಗ ಕೆಂಪು ಶಾಯಿ ಹಚ್ಚಿದವರು ಯಾರು?"

ನಾನು ಬೆಚ್ಚಿದೆ. ಟೈಪು ಮಾಡಿ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಇಡುತ್ತಿದ್ದೆ. ನಾನು ಆಫೀಸಿಗೆ ಹೋದ ಮೇಲೆ ಮಾಸ್ತರು ಅವನ್ನು ಓದುತ್ತಿದ್ದರೇ? ಓದುವುದಷ್ಟೇ ಅಲ್ಲ, ಈ ಸಲ ತಿದ್ದಿಯೂ ಬಿಟ್ಟಿದ್ದರು!

ಮೂವತ್ತೇಳು ವರ್ಷದ ಮೇಲೆ ಅಪ್ಪ ತಂಗಿಗೆ ಹೇಳಿದ ಮೊದಲ ಮಾತು ಇದು: "ವಿಷಾದಕ್ಕ ಹೊಟ್ಟಿ ಸೀಳಿದ ಷ ಬರ್ತದ. ನೀ ಎಲ್ಲಾ ಕಡಿ ಶಂಕರನ ಶ ಹಾಕೀದಿ."

"ನನ್ನ ವಿಷಾದ, ನನ್ನ ಇಷ್ಟ! ನಿನಗ ಹೊಟ್ಟಿ ಸೀಳೋ ರೂಢಿ ಅದ ಅಂತ ಎಲ್ಲಾರೂ ಸೀಳಬೇಕೇನು?"

ನನಗೆ ನಗು ಬಂತು. ನಗುವ ಹೊತ್ತಲ್ಲ ಎಂದು ತಿಳಿದದ್ದು ಅತ್ತೆ ನೋಟ್‌ಬುಕ್ ಬಿಚ್ಚಿ ಒಂದು ಪುಟದ ಮೇಲೆ ಬೆರಳಿಟ್ಟಾಗ.

"ತಿದ್ದಿದ್ದು ಇರ್ಲಿ. ಇದೇನು?"

ನಾನು ಇಣುಕಿ ನೋಡಿದೆ. ನಾಯಕ ಊರು ಬಿಡುವಾಗ ಒಂದು ಪತ್ರ ಬರೆದುಕೊಡುತ್ತಾನೆ, ನಾಯಕಿಯ ಅಣ್ಣ ಅದನ್ನು ಅವಳಿಗೆ ಮುಟ್ಟಿಸದೆ ಒಲೆಗೆ ಹಾಕುತ್ತಾನೆ ಎಂದು ಅತ್ತೆ ಹೊಸದಾಗಿ ಸೇರಿಸಿದ ಭಾಗ ಅದು. ಅದರ ಪಕ್ಕದಲ್ಲಿ, ಅಂಚಿನಲ್ಲಿ, ಕೆಂಪು ಶಾಯಿಯ ಒಂದೇ ಒಂದು ಶಬ್ದ: "ಹೌದು."

"ಇದು ನಿನಗ ಯಾರು ಹೇಳಿದ್ರು?" ಅಪ್ಪ ಕೇಳಿದರು.

"ಯಾರು ಹೇಳಬೇಕು? ನಾ ಕಟ್ಟಿದ್ದು. ಹುಡುಗ ಹೇಳದೇ ಓಡಿಹ್ವಾದ ಅಂತ ಬರೀಲಿಕ್ಕೆ ನನ್ನ ಕೈ ಏಳಲಿಲ್ಲ. ಅವಂದು ತಪ್ಪಿರಬಾರದು ಅಂತ ಒಂದು ಪತ್ರ ಹುಟ್ಟಿಸಿದೆ. ಪತ್ರ ಸುಡಲಿಕ್ಕೆ ಒಬ್ಬ ಅಣ್ಣನ್ನ ಹುಟ್ಟಿಸಿದೆ."

"ಕಟ್ಟಿದ್ದಲ್ಲವ್ವ ಅದು," ಎಂದರು ಅಪ್ಪ. "ಖರೇನೇ ಅದ."

ಅತ್ತೆ ಗೋಡೆಗೆ ಕೈ ಊರಿ ಕೇಳಿದಳು, "ಏನ್ ಬರದಿದ್ದ?"

"ಒಂದೇ ಸಾಲು. ನೌಕರಿಗೆ ಹೈದರಾಬಾದಿಗೆ ಹೊಂಟೀನಿ, ದೀಪಾವಳಿಗೆ ಬಂದು ನಿಮ್ಮ ಮನ್ಯಾಗ ಕೇಳ್ತೀನಿ, ಅಂತ."

"ಬಂದಿದ್ದನೇನು?"

"ಬಂದಿದ್ದ. ಅಷ್ಟೊತ್ತಿಗೆ ನಿನ್ನ ಲಗ್ನ ಆಗಿತ್ತು."

"ಬಂದಿದ್ದ," ಎಂದಳು ಅತ್ತೆ. ಇನ್ನೊಂದು ಸಲ ಎಂದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತು ಜೋರಾಗಿ ಅತ್ತಳು. ಚಹಾ ಮಾಡಲೋ ನೀರು ತರಲೋ ತಿಳಿಯದೆ ನಾನು ಒಳಗೆ ಹೋಗಿ ಮಾವನಿಗೆ ಫೋನು ಹಚ್ಚಿದೆ.

"ಅತ್ತಿ ನಮ್ಮ ಮನಿಗೆ ಬಂದಾರ್ರಿ."

"ಅಣ್ಣಗ ಬೈದಳೇನು?"

"ಬೈದ್ರು."

"ಅತ್ತಳೇನು?"

"ಇನ್ನೂ ಅಳ್ಲಿಕತ್ತಾರ್ರಿ."

"ಅಳ್ಲಿ ಬಿಡು. ನಮ್ಮ ಮನ್ಯಾಗ ಆಕಿಗೆ ಅಳಲಿಕ್ಕೆ ಜಾಗಾನೇ ಸಿಗಲಿಲ್ಲ. ಇವತ್ತು ಕಳಸಬ್ಯಾಡ. ನಾ ಖಿಚಡಿ ಮಾಡ್ಕೋತೀನಿ," ಎಂದು ಮಾವ ಫೋನಿಟ್ಟರು.

ನಾನು ಹೊರಗೆ ಬಂದಾಗ ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಕ್ಷಮಾ ಮಾಡೀನಿ ಅಂತ ತಿಳ್ಕೋಬ್ಯಾಡ."

"ಇಲ್ಲ."

"ಸಾಯೋತನಕಾ ಮಾಡಂಗಿಲ್ಲ."

"ಹೂಂ," ಎಂದರು ಅಪ್ಪ. ಅವರ ಗಲ್ಲದ ಮೇಲೂ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅತ್ತೆ ಎದ್ದಳು. ಇನ್ನೇನು ಬಾಗಿಲಿಗೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಒಂದು ಕುರ್ಚಿಯನ್ನು ಎಳೆದು ಅಪ್ಪನ ಪಕ್ಕದಲ್ಲಿ ಹಾಕಿಕೊಂಡಳು. ನೋಟ್‌ಬುಕ್ಕಿನ ಖಾಲಿ ಪುಟ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಅಣ್ಣನ ಮುಖ ನೋಡಿ ಕೇಳಿದಳು:

"ಹೇಳು ಈಗ. ದೀಪಾವಳಿಗೆ ಬಂದಾಗ ಯಾವ ಅಂಗಿ ಹಾಕ್ಕೊಂಡಿದ್ದ?"

ಅಪ್ಪ ಕಣ್ಣು ಮುಚ್ಚಿದರು.

"ಬಿಳಿದು... ಅಲ್ಲ, ತಡಿ. ತಿಳಿ ನೀಲಿ. ಹೊಸಾದಿತ್ತು. ತೋಳು ಮಡಚಿದ್ದ."

ಅತ್ತೆ ಬರೆದುಕೊಂಡಳು.