ಮಿಸ್ ಆರ್ಡಿತ್‌ರ ಮುನ್ನೂರು ತೋಟೆ

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಮಿಸ್ ಆರ್ಡಿತ್ ತಮ್ಮ ಹಳೆಯ ಪಿಕಪ್ ಗಾಡಿಯನ್ನು ಡೆಲ್ಮರ್‌ನ ಮನೆ ಮುಂದೆ ನಿಲ್ಲಿಸಿದರು. ಕಿಟಕಿಯಿಂದಲೇ ಒಂದು ದೊಡ್ಡ ಕಾಫಿ ಡಬ್ಬಿಯನ್ನು ಅವನ ಕೈಗಿತ್ತು, "ಇದನ್ನ ತೊಳ್ದು ಫಳಫಳ ಅನ್ನೋ ಹಾಗೆ ಮಾಡಿ ನಾಲ್ಕು ಗಂಟೆಗೆ ತಂದ್ಕೊಡಪ್ಪ. ನಾಳೆಗೆ ಬೇಕು" ಎಂದರು. ಅಷ್ಟೇ. ಗಾಡಿ ಹೊಗೆ ಬಿಟ್ಟುಕೊಂಡು ಮೂಲೆ ತಿರುಗಿತು. ಡೆಲ್ಮರ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದ.

ಡಬ್ಬಿಯೊಳಗೆ ಮುನ್ನೂರು ಖಾಲಿ ತೋಟೆಗಳಿದ್ದವು. ಪಿಸ್ತೂಲಿನಿಂದ ಗುಂಡು ಹಾರಿದ ಮೇಲೆ ನೆಲಕ್ಕೆ ಬೀಳುತ್ತದಲ್ಲ, ಆ ಹಿತ್ತಾಳೆ ಕೊಳವೆಗಳು. ನಮ್ಮ ಹ್ಯಾಕ್‌ಬೆರಿ ಊರಿನಲ್ಲಿ ಅದನ್ನು ಬಿಟ್ಟು ಬರುವವರು ಯಾರೂ ಇಲ್ಲ. ಹೆಕ್ಕಿ ತಂದು, ತೊಳೆದು, ಅಳತೆಗೆ ತಂದು, ಕಿಡಿ ಹೊತ್ತಿಸುವ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂಡಿಸಿ ಮತ್ತೆ ಹೊಡೆಯುತ್ತಾರೆ. ಶನಿವಾರ ಗುರಿಯ ಮೈದಾನದಲ್ಲಿ ಹಲ್ಲಿನ ಡಾಕ್ಟರು, ಬ್ಯಾಂಕಿನ ಮ್ಯಾನೇಜರು, ಪಾದ್ರಿಗಳು ಎಲ್ಲರೂ ಸಾಲಾಗಿ ಸೊಂಟ ಬಗ್ಗಿಸಿ ಹುಲ್ಲಿನಲ್ಲಿ ತಂತಮ್ಮ ತೋಟೆ ಹುಡುಕುವುದನ್ನು ನೋಡಿದರೆ ನನಗೆ ಈಗಲೂ ಭಕ್ತಿ ಉಕ್ಕುತ್ತದೆ. ಚರ್ಚಿನಲ್ಲೂ ಅವರು ಅಷ್ಟು ಬಗ್ಗಿದ್ದನ್ನು ನಾನು ಕಂಡಿಲ್ಲ.

ಇನ್ನು ಮಿಸ್ ಆರ್ಡಿತ್ ಎಂದರೆ ಸಾಮಾನ್ಯರಲ್ಲ. ಎಂಬತ್ತೆರಡು ವರ್ಷ. ಒಂದು ಕಾಲದಲ್ಲಿ ಇಸ್ಪೀಟೆಲೆಯನ್ನು ಅಂಚಿನ ಕಡೆಯಿಂದ ಹೊಡೆದು ಎರಡು ಸೀಳು ಮಾಡಿದವರು. ಕೈ ನಡುಗಲು ಶುರುವಾಗಿ ಮೂರು ವರ್ಷದಿಂದ ಮೈದಾನಕ್ಕೆ ಬಂದಿರಲಿಲ್ಲ. ಅಂಥವರು ಊರಿನ ನಲವತ್ತು ಜನ ಗುರಿಕಾರರನ್ನು ಬಿಟ್ಟು, ಸ್ಕೂಲ್ ಬಸ್ ರಿಪೇರಿ ಮಾಡುವ ಡೆಲ್ಮರ್‌ನ ಕೈಗೆ ತಮ್ಮ ತೋಟೆ ಕೊಟ್ಟಿದ್ದರು.

"ನಾಳೆಗೆ ಬೇಕು ಅಂದ್ರಾ?" ಎಂದು ಬೇಲಿಯಾಚೆಯಿಂದ ಪಕ್ಕದ ಮನೆಯ ಹಾಯ್ಟ್ ಕೇಳಿದ. ಅವನ ಕಿವಿಗೆ ಬೇಲಿಯೊಂದು ಲೆಕ್ಕವಲ್ಲ. "ಅಯ್ಯೋ ಮಾರಾಯ, ನಾಳೆ ಪಂದ್ಯ ಅಲ್ವೇನೋ! ಅವ್ರು ಮತ್ತೆ ಹೊಡೀತಾರೆ ಕಣೋ!"

ನಾಳೆಯ ಜಿಲ್ಲಾ ಪಂದ್ಯಕ್ಕೆ ಕ್ಲಬ್ಬಿನ ನಾಲ್ವರ ತಂಡದಲ್ಲಿ ಡೆಲ್ಮರ್ ಕೂಡ ಇದ್ದ. ಹನ್ನೊಂದು ವರ್ಷ ಕಾದ ಮೇಲೆ ಮೊದಲ ಸಲ. ಅದಕ್ಕೆಂದೇ ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ಕೂತು ಮುನ್ನೂರು ತೋಟೆ ತಯಾರು ಮಾಡಿಟ್ಟಿದ್ದ. ಎಲ್ಲವೂ ಒಂದೇ ಕಂಪನಿಯವು, ಒಂದೇ ಉದ್ದದವು. ಒಂದೊಂದರ ಬಾಯಂಚನ್ನೂ ಕೈಯಲ್ಲೇ ಉಜ್ಜಿ ನಯ ಮಾಡಿದ್ದ. ಅಂಗಡಿಯಲ್ಲಿ ಕೊಂಡ ತೋಟೆ ಅವನ ಪಿಸ್ತೂಲಿಗೆ ಒಗ್ಗುವುದಿಲ್ಲ, ಐದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಮದ್ದು, ಗುಂಡು ಈ ದಿನ ಸಂಜೆ ತುಂಬಿದರಾಯಿತೆಂದು ರಜೆ ಹಾಕಿ ಕೂತಿದ್ದ.

ಒಂಬತ್ತು ಗಂಟೆಯ ಹೊತ್ತಿಗೆ ಹಾಯ್ಟ್‌ನ ಫೋನಿನ ದಯದಿಂದ ಸುದ್ದಿ ಊರೆಲ್ಲ ಹಬ್ಬಿತ್ತು. ಎದುರು ಮನೆಯ ವರ್ಲಿನ್ ಅರ್ಧ ತಿಂದ ಬೆಳಗಿನ ತಿಂಡಿಯ ತಟ್ಟೆಯೊಂದಿಗೇ ಗ್ಯಾರೇಜಿಗೆ ಬಂದ. ಹಾಯ್ಟ್ ಆಗಲೇ ಬೇಲಿ ದಾಟಿ ಅಲ್ಲಿದ್ದ. ಡೆಲ್ಮರ್ ಒಂದೊಂದೇ ತೋಟೆಯನ್ನು ಒತ್ತುಯಂತ್ರಕ್ಕಿಟ್ಟು, ಹಿಡಿ ಎಳೆದು, ಬುಡದ ಸುಟ್ಟ ಕೇಪು ಉದುರಿಸುತ್ತಿದ್ದ. ಮುನ್ನೂರು ಸಲ ಹಿಡಿ ಇಳಿಯಿತು, ಮುನ್ನೂರು ಸಲ ಏರಿತು.

"ತೊಳೀಬೇಡ. ಆಕ್ರೋಟದ ಚಿಪ್ಪಿನ ಪುಡಿಯಲ್ಲಿ ಹಾಕಿ ತಿರುಗ್ಸು. ನಮ್ಮಪ್ಪ ಅದ್ರಲ್ಲೇ ಮಾಡ್ತಿದ್ದ" ಎಂದ ಹಾಯ್ಟ್.

"ನಿಮ್ಮಪ್ಪನ ತೋಟೆ ನೋಡಿದೀನಿ ಬಿಡೋ, ಇದ್ದಿಲು ಅದಕ್ಕಿಂತ ಬೆಳ್ಳಗಿರುತ್ತೆ. ವಿನೆಗರ್, ಉಪ್ಪು ಹಾಕಪ್ಪ ಡೆಲ್ಮರ್" ಎಂದ ವರ್ಲಿನ್.

"ವಿನೆಗರ್ ಹಾಕಿದ್ರೆ ಹಿತ್ತಾಳೆ ಕೆಂಪಗಾಗುತ್ತೆ ಕಣೋ ದಡ್ಡ!"

"ಆಗ್ಲಿ ಬಿಡು, ನಿನ್ನ ಮೂಗಿಗಿಂತ ಕೆಂಪಗಾಗಲ್ಲ."

ಡೆಲ್ಮರ್ ಇಬ್ಬರ ಮಾತನ್ನೂ ಕೇಳಲಿಲ್ಲ. ಅವನು ಬಹಳ ಮೆದು ಮನುಷ್ಯ, ಆದರೆ ತೋಟೆಯ ವಿಷಯಕ್ಕೆ ಬಂದರೆ ಅವನಿಗೂ ಒಂದು ಮತವುಂಟು. ತಿರುಗುವ ಡ್ರಮ್ಮಿಗೆ ನೀರು, ಪಾತ್ರೆ ಸೋಪು, ಒಂದು ಚಿಟಿಕೆ ನಿಂಬೆಹುಳಿ ಪುಡಿ, ಕೂದಲೆಳೆಯಂಥ ಉಕ್ಕಿನ ಕಡ್ಡಿಗಳು, ಕೊನೆಗೆ ಮಿಸ್ ಆರ್ಡಿತ್‌ರ ಕಪ್ಪು ತೋಟೆಗಳನ್ನು ಹಾಕಿ ಗುಂಡಿ ಒತ್ತಿದ. ಎರಡೂವರೆ ಗಂಟೆ ಡ್ರಮ್ಮು ಗರಗರ ತಿರುಗಿತು. ಅಷ್ಟೂ ಹೊತ್ತು ಇಬ್ಬರೂ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತ ಕೂತರು. ಕದಲಲಿಲ್ಲ.

ಡೆಲ್ಮರ್ ಡ್ರಮ್ಮಿನ ಮುಚ್ಚಳ ತೆಗೆದು ಕೊಳೆನೀರು ಚೆಲ್ಲಿದ. ಹಬ್ಬದ ದಿನ ಬೆಳಗಿಟ್ಟ ಪಾತ್ರೆಯ ಹಾಗೆ ತಳದಲ್ಲಿ ಮುನ್ನೂರು ಹಿತ್ತಾಳೆ ಬಾಯಿಗಳು ಹೊಳೆಯುತ್ತಿದ್ದವು. ಕೇಪು ಕೂರುವ ಸಣ್ಣ ಗುಳಿ ಕೂಡ ಹೊಳೆಯುತ್ತಿತ್ತು. ಹಾಯ್ಟ್ ತಲೆಯ ಮೇಲಿನ ಟೋಪಿ ತೆಗೆದ. ವರ್ಲಿನ್ ತಟ್ಟೆ ಕೆಳಗಿಟ್ಟ. ಡೆಲ್ಮರ್‌ನಿಗೆ ಇದು ನೂರನೆಯ ಸಲವೋ ಇನ್ನೂರನೆಯದೋ, ಆದರೂ ಪ್ರತಿ ಸಲವೂ ಇದು ತನ್ನ ಕೈಯ ಕೆಲಸವೆಂದು ಅವನಿಗೆ ನಂಬಿಕೆ ಬರುತ್ತಿರಲಿಲ್ಲ.

"ದೇವ್ರೇ, ಇದನ್ನ ತುಂಬಿ ಹೊಡೆಯೋದಕ್ಕೂ ಮನಸ್ಸು ಬರಲ್ಲ" ಎಂದ ವರ್ಲಿನ್ ಪಿಸುದನಿಯಲ್ಲಿ.

ಒಣಗಿಸುವುದೊಂದೇ ಬಾಕಿ. ಹಿಂದಿನ ಸಲ ಡೆಲ್ಮರ್ ಹೆಂಡತಿ ನಡೀನ್‌ಳ ಒಳ್ಳೆಯ ದಿಂಬಿನ ಚೀಲದಲ್ಲಿ ಹಾಕಿ ಕುಲುಕಿ, ಒಂದು ವಾರ ಅವಳಿಂದ ಮಾತಿಲ್ಲದೆ ಕಳೆದಿದ್ದ. ಈ ಸಲ ಬಿಸಿಲನ್ನೂ ನಂಬುವಂತಿರಲಿಲ್ಲ, ಮೋಡ ಕವಿದಿತ್ತು. ಹೆಂಡತಿಯ ಕಾಲು ಹಿಡಿಯುವುದೊಂದು ಬಿಟ್ಟು ಉಳಿದದ್ದೆಲ್ಲ ಮಾಡಿ ಓವನ್ನಿಗೆ ಅಪ್ಪಣೆ ಪಡೆದ.

"ನನ್ನ ಕುಕ್ಕೀ ತಟ್ಟೆ ಮೇಲೆ ಅಲ್ಲ, ಹಳೇ ತಟ್ಟೆ ಮೇಲೆ" ಎಂದಳು ನಡೀನ್. "ಆಮೇಲೆ ಓವನ್ ತೊಳೆಯೋದೂ ನೀನೇ."

ಇನ್ನೂರು ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟು, ನಲವತ್ತು ನಿಮಿಷಕ್ಕೆ ಟೈಮರ್ ತಿರುಗಿಸಿ ಡೆಲ್ಮರ್ ಹೊರಗೆ ಬಂದ. ಬಂದವನೇ ಡ್ರಮ್ಮಿಗೆ ಕಾಲು ತಾಗಿಸಿಕೊಂಡ. ಉಕ್ಕಿನ ಕಡ್ಡಿಗಳೆಲ್ಲ ಹುಲ್ಲಿನೊಳಗೆ ಚೆಲ್ಲಿ ಮಾಯವಾದವು. ನಡೀನ್ ಬರಿಗಾಲಲ್ಲಿ ಬಟ್ಟೆ ಒಣಹಾಕುವ ಜಾಗ ಅದು. ಅವನು ಒಂದು ಅಯಸ್ಕಾಂತ ಹಿಡಿದು ಮೊಣಕಾಲೂರಿ ಹುಡುಕತೊಡಗಿದ.

ಈ ಮಧ್ಯೆ ಹಾಯ್ಟ್ ತಣ್ಣನೆಯ ಟೀ ಕುಡಿಯಲು ಅಡುಗೆಮನೆಗೆ ಹೋಗಿ ಬಂದ. ಸ್ವಲ್ಪ ಹೊತ್ತಿಗೆ ವರ್ಲಿನ್ ಕೈ ತೊಳೆಯಲು ಹೋಗಿ ಬಂದ. ಇಬ್ಬರ ಮುಖದಲ್ಲೂ ಪರೋಪಕಾರ ಮಾಡಿದ ಕಳೆಯಿತ್ತು.

ನಲವತ್ತು ನಿಮಿಷಕ್ಕೆ ಸರಿಯಾಗಿ ಒಳಗಿನಿಂದ ನಡೀನ್ ಕೂಗಿದಳು. "ಡೆಲ್ಮರ್! ಬಾ ಇಲ್ಲಿ, ನೋಡು, ಎಷ್ಟು ಚಂದ ಆಗಿದೆ!"

ಚಂದ ಎಂಬ ಮಾತು ಕೇಳಿದ್ದೇ ಅವನು ಅಯಸ್ಕಾಂತ ಬಿಸಾಕಿ ಎದ್ದ. ಓಡಿ ಬಂದು ನೋಡಿದ. ತಟ್ಟೆಯ ಮೇಲೆ ಬಣ್ಣಗಳ ಜಾತ್ರೆಯೇ ನಡೆದಿತ್ತು. ಒಂದು ನೇರಳೆ, ಒಂದು ನವಿಲಿನ ಕತ್ತಿನ ನೀಲಿ, ಒಂದು ಗುಲಾಬಿ, ಮತ್ತೊಂದರಲ್ಲಿ ಮೂರೂ ಬಣ್ಣ ಒಂದರೊಳಗೊಂದು ಕರಗಿದ್ದವು. ಓವನ್ನಿನ ಗುಂಡಿ ಐನೂರು ಡಿಗ್ರಿಯ ಮುಂದೆ ನಿಂತಿತ್ತು.

"ಇನ್ನೂರಕ್ಕಿಟ್ರೆ ಕ್ರಿಸ್‌ಮಸ್‌ಗೆ ಒಣಗುತ್ತೆ ಅಂತ ನಾನು ಮುನ್ನೂರೈವತ್ತು ಮಾಡ್ದೆ. ಅಷ್ಟೇ" ಎಂದ ಹಾಯ್ಟ್.

"ಮುನ್ನೂರೈವತ್ತು ಇತ್ತು. ಯಾವನೋ ಮೈಗಳ್ಳ ಇಟ್ಟಿದಾನೆ ಅಂತ ನಾನು ಐನೂರು ಮಾಡ್ದೆ" ಎಂದ ವರ್ಲಿನ್.

ಡೆಲ್ಮರ್ ಕುರ್ಚಿ ಹುಡುಕಿ ಕೂತ. ಅತಿಯಾಗಿ ಕಾದ ಹಿತ್ತಾಳೆ ಮೆದುವಾಗುತ್ತದೆ. ಅದಕ್ಕೆ ಮದ್ದು ತುಂಬಿ ಹೊಡೆದರೆ ಪಿಸ್ತೂಲಿನೊಳಗೇ ಸೀಳಿ ಹಿಡಿದವರ ಕೈಗೆ ಬರುತ್ತದೆ. ಇದು ನಮ್ಮೂರಿನಲ್ಲಿ ನಡೆಯಲು ಕಲಿತ ಮಕ್ಕಳಿಗೂ ಗೊತ್ತು. ಅದು ಗೊತ್ತಿದ್ದೂ ಇಬ್ಬರು ದೊಡ್ಡ ಮನುಷ್ಯರು ಗುಂಡಿ ತಿರುಗಿಸಿದ್ದರು.

ಕೆಟ್ಟ ತೋಟೆಯನ್ನು ಹಾಗೇ ಕಸಕ್ಕೆ ಹಾಕುವ ಪದ್ಧತಿ ಇಲ್ಲ. ಯಾರಾದರೂ ಹೆಕ್ಕಿ ತುಂಬಿದರೆ ಪ್ರಾಣಕ್ಕೆ ಬಂದೀತು. ಡೆಲ್ಮರ್ ಸುತ್ತಿಗೆ ತಂದು ಮೆಟ್ಟಿಲ ಮೇಲೆ ಕೂತು ಒಂದೊಂದನ್ನೂ ಚಪ್ಪಟೆ ಮಾಡಿದ.

"ಒಂದೆರಡಾದ್ರೂ ಇಟ್ಕೋಬಾರ್ದೇ? ಕಿಟಕೀಲಿ ಇಡ್ತಿದ್ದೆ" ಎಂದಳು ನಡೀನ್.

"ಒಂದೂ ಇಲ್ಲ" ಎಂದ ಡೆಲ್ಮರ್. ಮುನ್ನೂರು ಪೆಟ್ಟು ಬಿತ್ತು. ಆ ಬಣ್ಣಗಳು ಸುತ್ತಿಗೆಯ ಕೆಳಗೆ ಹೋಗುವುದನ್ನು ನೋಡಲಾರದೆ ನಡೀನ್ ಒಳಗೆ ಹೋದಳು.

ಮೂರು ಗಂಟೆಯಾಯಿತು. ಎಂಬತ್ತೆರಡನೆಯ ವಯಸ್ಸಿನಲ್ಲಿ ಆ ಹೆಂಗಸು ಮತ್ತೆ ಪಿಸ್ತೂಲು ಹಿಡಿಯುವ ಮನಸ್ಸು ಮಾಡಿದ್ದಾರೆ. ತೋಟೆ ಇಲ್ಲವೆಂದು ಅವರ ಮುಖ ನೋಡಿ ಹೇಳುವುದು ಡೆಲ್ಮರ್‌ನಿಂದ ಆಗದ ಮಾತು. ಎದ್ದು ಗ್ಯಾರೇಜಿಗೆ ಹೋದ. ಕಪಾಟಿನ ಬೀಗ ತೆಗೆದು, ಚಳಿಗಾಲವೆಲ್ಲ ತಯಾರಿಸಿದ, ಅದೇ ಅಳತೆಯ ತನ್ನ ಮುನ್ನೂರು ತೋಟೆಗಳನ್ನು ಕಾಫಿ ಡಬ್ಬಿಗೆ ಸುರಿದ.

"ಮತ್ತೆ ನಾಳೆ ನೀನು ಯಾವ ತೋಟೇಲಿ ಹೊಡೀತೀಯೋ?" ಎಂದ ಹಾಯ್ಟ್, ಈ ಸಲ ನಿಜವಾಗಿಯೂ ಮರುಗಿ.

"ನಾನು ಹೊಡಿಯಲ್ಲ. ತಂಡಕ್ಕೆ ನೀನು ಹೋಗು" ಎಂದ ಡೆಲ್ಮರ್. ಹಾಯ್ಟ್ ಐದನೆಯ ಆಟಗಾರನಾಗಿ ಕಾಯುತ್ತಿದ್ದವನು. ಮರುಕ ಬಹಳ ಬೇಗ ಆರಿಹೋಯಿತು.

ದಾರಿಯಲ್ಲಿ ಊಟದ ಹೋಟೆಲಿನ ಹಲಗೆಯ ಮೇಲೆ ಇವತ್ತಿನ ವಿಶೇಷ ಮೀಟ್‌ಲೋಫ್ ಎಂದಿದ್ದದ್ದನ್ನು ಅಳಿಸಿ 'ಮಿಸ್ ಆರ್ಡಿತ್ ಮತ್ತೆ ಬರುತ್ತಿದ್ದಾರೆ' ಎಂದು ಬರೆದಿದ್ದರು. ಹನ್ನೊಂದು ವರ್ಷ ಹೋದರೆ ಹೋಗಲಿ, ನಾಳೆ ಆ ಕೈಯಲ್ಲಿ ಹೊಡೆಯುವುದು ತನ್ನ ತೋಟೆ ಎಂದುಕೊಂಡ ಡೆಲ್ಮರ್.

ಮಿಸ್ ಆರ್ಡಿತ್ ಜಗಲಿಯಲ್ಲಿ ಕೂತಿದ್ದರು. ಡಬ್ಬಿಯೊಳಗೆ ನೋಡಿದವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಅಪ್ಪಾ ದೇವ್ರೇ! ನನ್ನ ತೋಟೆ ಇಷ್ಟು ಚಂದ ಇದ್ವೇನಪ್ಪ? ನಿನ್ನ ಕೈ ಕೈಯಲ್ಲ ಕಣಪ್ಪ. ಅದಕ್ಕೇ ನಿನಗೇ ಕೊಟ್ಟಿದ್ದು."

ಹೊಗಳಿಕೆಗೆ ಡೆಲ್ಮರ್ ಕಿವಿಯವರೆಗೂ ಕೆಂಪಾದ. ಅವನು ಬಾಯಿ ತೆರೆಯುವುದರೊಳಗೆ ಮಿಸ್ ಆರ್ಡಿತ್ ಒಂದು ತೋಟೆಯನ್ನು ಮೇಜಿನ ಮೇಲಿನ ಇಕ್ಕಳಕ್ಕೆ ಸಿಕ್ಕಿಸಿ, ಡ್ರಿಲ್ಲು ಇಳಿಸಿ, ಅದರ ಮೈಗೆ ಅಡ್ಡಲಾಗಿ ಒಂದು ತೂತು ಕೊರೆದರು.

"ಮಿಸ್ ಆರ್ಡಿತ್!"

"ಏನಪ್ಪ?"

"ಅದು... ಅದನ್ನ ಇನ್ನು ಹೊಡಿಯೋಕೆ ಬರಲ್ಲ!"

"ಹೊಡಿಯೋದಾ? ಈ ಕೈಯಲ್ಲಾ?" ಅವರು ನಡುಗುವ ಕೈ ಎತ್ತಿ ತೋರಿಸಿ ನಕ್ಕರು. "ಪಿಸ್ತೂಲು ಯಾವಾಗ್ಲೋ ತಂಗಿ ಮೊಮ್ಮಗಳಿಗೆ ಕೊಟ್ಬಿಟ್ಟೆ. ಇವು ಗಾಳಿಗಂಟೆಗೆ ಕಣಪ್ಪ. ನಮ್ಮ ಕ್ಲಬ್ಬಲ್ಲಿ ತೀರ್ಕೊಂಡೋರು ಮೂವತ್ತು ಜನ. ಒಬ್ಬೊಬ್ರಿಗೆ ಹತ್ತು ತೋಟೆಯ ಒಂದೊಂದು ಎಳೆ. ನಾಳೆ ಪಂದ್ಯ ಶುರುವಾಗೋ ಮುಂಚೆ ಮೈದಾನದ ಬಾಗಿಲಿಗೆ ತೂಗಾಕ್ತೀವಿ."

ತೂತು ಬಿದ್ದ ತೋಟೆಗೆ ದಾರ ಪೋಣಿಸಿ, ಇನ್ನೊಂದರಿಂದ ಮೆಲ್ಲಗೆ ತಟ್ಟಿದರು. ಸಣ್ಣಗೆ, ಶುದ್ಧವಾಗಿ ಒಂದು ದನಿ ಎದ್ದು ಜಗಲಿಯ ತುಂಬ ಹರಡಿತು. ಹಿತ್ತಾಳೆಯನ್ನು ಇಪ್ಪತ್ತು ವರ್ಷ ಉಜ್ಜಿದ ಡೆಲ್ಮರ್‌ನಿಗೆ ಅದರೊಳಗೆ ಈ ದನಿ ಇದೆಯೆಂದು ಗೊತ್ತಿರಲಿಲ್ಲ. ಅದು ಆರುವವರೆಗೂ ನಾಳೆಯ ಪಂದ್ಯ ಅವನಿಗೆ ನೆನಪಾಗಲಿಲ್ಲ. ಮೂವತ್ತು ಸತ್ತವರ ಪಾಲನ್ನು ವಾಪಸ್ಸು ಕೇಳುವ ನಾಲಿಗೆಯೂ ಅವನಿಗಿರಲಿಲ್ಲ.

"ಒಂದೇ ಕೊರತೆ" ಎಂದು ಮಿಸ್ ಆರ್ಡಿತ್ ಜೇಬಿನಿಂದ ಒಂದು ತೋಟೆ ತೆಗೆದರು. ಅದು ನೇರಳೆ ಮತ್ತು ನೀಲಿ ಬಣ್ಣಕ್ಕಿತ್ತು. "ನೋಡು, ಚೆನ್ನಾಗಿ ಕಾಯ್ಸಿದ್ರೆ ಈ ಬಣ್ಣ ಬರುತ್ತೆ. ಎಲ್ಲವೂ ಹೀಗೇ ಆಗ್ಬೇಕು ಅಂತ ಆಸೆ. ನನ್ನ ಓವನ್ ಹಳೇದು, ಇದೊಂದು ಮಾಡೋಕೆ ಅರ್ಧ ದಿನ ಹಿಡೀತು. ನಿಮ್ಮನೇದು ಬಲೇ ಬಿಸಿ ಆಗುತ್ತೆ ಅಂತ ಹಾಯ್ಟ್ ಈಗ ಫೋನಲ್ಲಿ ಹೇಳ್ತಿದ್ದ. ಇವನ್ನ ಮನೆಗೆ ತಗೊಂಡೋಗಿ ಕಾಯ್ಸಿ ತಂದ್ಕೊಡ್ತೀಯಾ? ಆದ್ರೆ ಎಷ್ಟು ಬಿಸಿ, ಎಷ್ಟು ಹೊತ್ತು ಅಂತ ನಂಗೊತ್ತಿಲ್ಲಪ್ಪ."

ಡೆಲ್ಮರ್ ಕಾಫಿ ಡಬ್ಬಿಯನ್ನು ಮತ್ತೆ ಎರಡೂ ಕೈಯಲ್ಲಿ ಎತ್ತಿಕೊಂಡ.

"ನಂಗೊತ್ತು, ಮಿಸ್ ಆರ್ಡಿತ್" ಎಂದ. "ಐನೂರು ಡಿಗ್ರಿ. ನಲವತ್ತು ನಿಮಿಷ."